ಖಾನ್ ಬದುಕಿದ್ರೂ ಹುಲ್ಲು ಸಾಲ್ತಿರ್ಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಒಂದೇ ಸಾಮ್ರಾಜ್ಯ ಇಡೀ ಲೋಕ ಆಳಿದ್ರೆ ಹೇಗಿರ್ತಿತ್ತು ಅಂತ ಎರಡು ಪುಟದ ಲೇಖನ ಬಂದಿತ್ತಲ್ಲ, ಅದನ್ನ ಮೂರು ಸಲ ಓದಿದೆ. ಮಧ್ಯದಲ್ಲಿ ಒಂದು ದೊಡ್ಡ ಭೂಪಟ, ಜಪಾನಿಂದ ಪೋರ್ಚುಗಲ್ ತನಕ ಪೂರ್ತಿ ಕೆಂಪು, ನಮ್ಮ ಹೊಯ್ಸಳರ ನಾಡೂ ಕೆಂಪು, ಕೆಳಗೆ ಮಂಗೋಲ್ ಜಗತ್ತು ಅಂತ ಹೆಸರು. ಲೇಖನದ ವಾದ ಇಷ್ಟೇ, 1241ರ ಡಿಸೆಂಬರ್ 11ಕ್ಕೆ ಮಂಗೋಲರ ಚಕ್ರವರ್ತಿ, ಚೆಂಗೀಸ್ ಖಾನನ ಮಗ ಒಗೆದೈ ಖಾನ್ ಸತ್ತ, ಅವನು ಸತ್ತಿದ್ದಕ್ಕೆ ಹಂಗೇರಿಯಲ್ಲಿದ್ದ ಮಂಗೋಲ್ ಸೈನ್ಯ ವಾಪಸ್ ಹೊರಟಿತು, ಅವನೇನಾದ್ರೂ ಇನ್ನೊಂದು ಹತ್ತು ವರ್ಷ ಬದುಕಿದ್ರೆ ಪ್ಯಾರಿಸ್ಸು ರೋಮು ಎಲ್ಲ ಬಿದ್ದು ಜಗತ್ತು ಒಂದೇ ಆಳ್ವಿಕೆಗೆ ಬರ್ತಿತ್ತು, ಗಡಿ ಇಲ್ಲ ಪಾಸ್‌ಪೋರ್ಟ್ ಇಲ್ಲ ಯುದ್ಧ ಇಲ್ಲ.

ಲೇಖಕರು ಚೆನ್ನಾಗಿ ಬರೀತಾರೆ, ಅವರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ನಾನು ಅಂಚೆ ಇಲಾಖೆಯಲ್ಲಿ 36 ವರ್ಷ ಇದ್ದೋನು, ಅದರಲ್ಲಿ ಹೆಚ್ಚಿನದು ಟಪಾಲು ಸಾರ್ಟಿಂಗ್ ಕೆಲಸ, ರಿಟೈರ್ ಆದ ಮೇಲೆ ಹಳೇ ಕಾಲದ ಅಂಚೆ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದೆ, ಹಾಗೆ ಓದ್ತಾ ಓದ್ತಾ ಮಂಗೋಲರ ಹತ್ರ ಹೋಗಿ ನಿಂತೆ, ಯಾಕಂದ್ರೆ ಆ ಕಾಲದಲ್ಲಿ ಅವರಷ್ಟು ದೊಡ್ಡ ಅಂಚೆ ಬೇರೆ ಯಾರೂ ಕಟ್ಟಿರ್ಲಿಲ್ಲ. ಅದಕ್ಕೇ ಈ ಪತ್ರ. ನಾನು ಹೇಳ್ಬೇಕಾಗಿರೋದು ಒಂದೇ ಮಾತು, ಆ ಸಾಮ್ರಾಜ್ಯ ಲೋಕವನ್ನೆಲ್ಲ ಆಳದೇ ಹೋಗಿದ್ದು ಒಬ್ಬ ಮನುಷ್ಯ ಸತ್ತ ಅಂತ ಅಲ್ಲ. ಅವನು ಬದುಕಿದ್ರೂ ಆಗ್ತಿರ್ಲಿಲ್ಲ.

ಮೊದಲು ಹುಲ್ಲಿನ ವಿಷಯ. 1241ರ ಏಪ್ರಿಲ್‌ನಲ್ಲಿ ಎರಡೇ ದಿನದ ಅಂತರದಲ್ಲಿ ಎರಡು ಕಡೆ ಯುರೋಪಿನ ಸೈನ್ಯ ನೆಲಕಚ್ಚಿತು, 9ನೇ ತಾರೀಕು ಪೋಲೆಂಡಿನ ಲೆಗ್ನಿತ್ಸಾದಲ್ಲಿ, 11ಕ್ಕೆ ಹಂಗೇರಿಯ ಮೋಹಿಯಲ್ಲಿ. ಒಗೆದೈನ ಅಣ್ಣನ ಮಗ ಬಾತು ಮತ್ತೆ ಸೇನಾಪತಿ ಸುಬುತೈ ನಡೆಸಿದ ಆ ದಂಡಯಾತ್ರೆ ಎಂಥಾ ಲೆಕ್ಕಾಚಾರದ್ದು ಅಂದ್ರೆ ಇವತ್ತಿಗೂ ಸೈನ್ಯದ ಶಾಲೆಗಳಲ್ಲಿ ಅದನ್ನ ಓದ್ತಾರೆ. ಸರಿ, ಗೆದ್ರು. ಆಮೇಲೆ? ಮಂಗೋಲ್ ಸವಾರ ಒಂದು ಕುದುರೆ ಇಟ್ಕೊಂಡು ಬರೋನಲ್ಲ, ಮೂರೋ ನಾಲ್ಕೋ ಕುದುರೆ ಜೊತೆಗೆ ಹೊಡ್ಕೊಂಡು ಬರ್ತಾನೆ, ಒಂದು ಸುಸ್ತಾದ್ರೆ ಇನ್ನೊಂದರ ಮೇಲೆ ಹತ್ತೋಕೆ. ಅವರ ಜೊತೆ ಕುರಿ ಬೇರೆ. ಐವತ್ತು ಸಾವಿರ ಸವಾರರು ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಕೊಳ್ಳಿ, ಕುದುರೆ ಎಷ್ಟಾಯ್ತು ನೋಡಿ, ಒಂದೂವರೆ ಎರಡು ಲಕ್ಷ. ಇವಕ್ಕೆ ಯಾರೂ ಹುರುಳಿ ಬೇಯಿಸಿ ಹಾಕ್ತಾ ಇರ್ಲಿಲ್ಲ, ಮೇಯ್ದೇ ಬದುಕ್ಬೇಕು. ಮಂಗೋಲಿಯಾದಿಂದ ಹಂಗೇರಿ ತನಕ ಹುಲ್ಲುಗಾವಲು ಒಂದು ಹೆದ್ದಾರಿ ಥರ ಬಂದಿದೆ, ಹಂಗೇರಿಯ ಬಯಲೇ ಅದರ ಕೊನೇ ತುಂಡು. ಅಲ್ಲಿಂದ ಆಚೆ ಕಾಡು, ಉತ್ತ ಹೊಲ, ಕಲ್ಲಿನ ಕೋಟೆ. ಪ್ಯಾರಿಸ್ ತನಕ ಆ ಕುದುರೆ ಏನು ತಿಂದು ಹೋಗ್ಬೇಕಿತ್ತು ಅಂತ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಅದೂ ಅಲ್ದೆ 2016ರಲ್ಲಿ ಒಂದು ಅಧ್ಯಯನ ಬಂತು, ಹಳೇ ಮರಗಳ ಕಾಂಡದೊಳಗಿನ ಬಳೆ ಎಣಿಸಿ ಆ ವರ್ಷಗಳ ಮಳೆ ಚಳಿ ಲೆಕ್ಕ ಹಾಕಿದ್ದು. 1242ರ ಶುರುವಿನಲ್ಲಿ ಹಂಗೇರಿಯಲ್ಲಿ ಥಂಡಿ ಮತ್ತೆ ಮಳೆ ಜಾಸ್ತಿಯಾಗಿ ಬಯಲೆಲ್ಲ ಕೆಸರಾಗಿ ಮೇವಿಗೆ ತತ್ವಾರ ಆಗಿರ್ಬೇಕು ಅಂತ ಅವರ ಅಭಿಪ್ರಾಯ. ಇದನ್ನ ಎಲ್ಲಾ ಇತಿಹಾಸಕಾರರೂ ಒಪ್ಪಿಲ್ಲ, ಚರ್ಚೆ ಇದೆ. ಆದ್ರೆ ಮಲೆನಾಡಲ್ಲಿ ಹುಟ್ಟಿದ ನಂಗೆ ಇದು ಸಲೀಸಾಗಿ ಅರ್ಥ ಆಗುತ್ತೆ, ಮಳೆಗಾಲದ ಕೆಸರಲ್ಲಿ ನಾಲ್ಕು ಎಮ್ಮೆ ಕಾಯೋದೇ ಕಷ್ಟ. ಇನ್ನೊಂದು, ಎಸ್ತರ್ಗೋಮ್ ಪಟ್ಟಣ ಅವರ ಕೈಗೆ ಬಿತ್ತು ಆದ್ರೆ ಮೇಲಿದ್ದ ಕಲ್ಲಿನ ಕೋಟೆ ಬೀಳ್ಲಿಲ್ಲ. ಹಂಗೇರಿ ದೊರೆ ಬೇಲಾನ್ನ ಹಿಡಿಯೋಕೆ ಖದಾನ್ ಅನ್ನೋ ರಾಜಕುಮಾರ ಸಮುದ್ರದ ದಂಡೆ ತನಕ ಅಟ್ಟಿಸ್ಕೊಂಡು ಹೋದ, ದೊರೆ ಸಿಗ್ಲಿಲ್ಲ. ಮಂಗೋಲರು ಹೋದ ಮೇಲೆ ಬೇಲಾ ಮಾಡಿದ ಮೊದಲ ಕೆಲಸ ಊರೂರಲ್ಲಿ ಕಲ್ಲಿನ ಕೋಟೆ ಕಟ್ಟಿಸಿದ್ದು. 1285ಕ್ಕೆ ಮಂಗೋಲರು ಮತ್ತೆ ಬಂದ್ರು, ಆಗ ಖಾನ್ ಸತ್ತ ಸುದ್ದಿ ಯಾವುದೂ ಇರ್ಲಿಲ್ಲ, ಆದ್ರೂ ಸೋತು ವಾಪಸ್ ಹೋದ್ರು. ಆ 1285ರ ಮಾತೇ ಲೇಖನದಲ್ಲಿ ಇಲ್ಲ, ಇದ್ದಿದ್ರೆ ಅರ್ಧ ವಾದ ಅಲ್ಲೇ ಬಿದ್ದು ಹೋಗ್ತಿತ್ತು.

ಸಿರಿಯಾದಲ್ಲೂ ಇದೇ ಕಥೆ. 1260ರಲ್ಲಿ ಒಗೆದೈನ ತಮ್ಮನ ಮಗ ಹುಲಾಗು ತನ್ನ ಸೈನ್ಯದ ಹೆಚ್ಚಿನ ಪಾಲು ಹಿಂದಕ್ಕೆ ಕರ್ಕೊಂಡು ಹೋದ, ಉಳಿದ ಸಣ್ಣ ದಂಡನ್ನ ಪ್ಯಾಲೆಸ್ತೀನಿನ ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಮಾಮ್ಲೂಕರು ಸೆಪ್ಟೆಂಬರ್ 3ಕ್ಕೆ ಹೊಡೆದು ಹಾಕಿದ್ರು. ಅಲ್ಲೂ ಎಲ್ಲರೂ ಹೇಳೋದು ಅಣ್ಣ ಮೊಂಗ್ಕೆ ಖಾನ್ ಸತ್ತ ಸುದ್ದಿ ಬಂತು ಅದಕ್ಕೆ ಹೋದ ಅಂತ. ಆದ್ರೆ ಹುಲಾಗುನೇ 1262ರಲ್ಲಿ ಫ್ರಾನ್ಸಿನ ಒಂಬತ್ತನೇ ಲೂಯಿ ದೊರೆಗೆ ಬರೆಸಿದ ಕಾಗದ ಉಳಿದಿದೆ, ಅದರಲ್ಲಿ ಅವನು ಕೊಟ್ಟ ಕಾರಣ ದಾಸ್ತಾನು ಮುಗೀತು, ಹುಲ್ಲು ಮುಗೀತು ಅನ್ನೋದು. ಆ ಸೈನ್ಯದ ಯಜಮಾನನೇ ತನ್ನ ಕಾಗದದಲ್ಲಿ ಹುಲ್ಲು ಅಂತ ಬರೆಸಿರುವಾಗ ನಾವು ಯಾಕೆ ಅದನ್ನ ಬಿಟ್ಟು ಬರೀ ಸಾವು, ವಿಧಿ, ಅದೃಷ್ಟ ಅಂತ ಬರೀತೀವಿ?

ಇನ್ನು ನಂಗೆ ಗೊತ್ತಿರೋ ವಿಷಯಕ್ಕೆ ಬರ್ತೀನಿ, ಅಂಚೆ. ಮಂಗೋಲರು ಇದನ್ನ ಯಾಮ್ ಅಂತಿದ್ರು. ಒಗೆದೈ ತನ್ನ ಆಳ್ವಿಕೆಯಲ್ಲಿ ತಾನು ಮಾಡಿದ ನಾಲ್ಕು ಒಳ್ಳೇ ಕೆಲಸ, ನಾಲ್ಕು ತಪ್ಪು ಅಂತ ತಾನೇ ಎಣಿಸಿ ಹೇಳಿದ ಮಾತು ಮಂಗೋಲರದೇ ಚರಿತ್ರೆ ಪುಸ್ತಕದಲ್ಲಿದೆ. ತಪ್ಪುಗಳಲ್ಲಿ ಕುಡಿತ ಸೇರಿದೆ, ಒಳ್ಳೇ ಕೆಲಸದಲ್ಲಿ ಈ ಅಂಚೆ ಕಟ್ಟೆಗಳನ್ನ ನಿಲ್ಲಿಸಿದ್ದು ಸೇರಿದೆ. ನಂಗೆ ಆ ಪುಟ ಓದಿ ತುಂಬಾ ಖುಷಿಯಾಯ್ತು, ಎಷ್ಟೋ ನಾಡು ಗೆದ್ದ ಖಾನ್ ಅಂಚೆನ ತನ್ನ ಪುಣ್ಯದ ಖಾತೆಗೆ ಬರ್ಕೊಂಡಿದ್ದಾನೆ. ದಾರಿ ಉದ್ದಕ್ಕೂ ಕಟ್ಟೆ, ಪ್ರತಿ ಕಟ್ಟೆಯಲ್ಲಿ ಜೀನು ಬಿಗಿದ ಕುದುರೆ ತಯಾರು, ಸವಾರನ ಹತ್ರ ಪೈಜಾ ಅಂತ ಲೋಹದ್ದೋ ಮರದ್ದೋ ಒಂದು ಫಲಕ, ಅದನ್ನ ತೋರಿಸಿದ್ರೆ ಕುದುರೆ ಊಟ ಎಲ್ಲ ಕೊಡ್ಲೇಬೇಕು. ಕುಬ್ಲೈ ಖಾನನ ಕಾಲದ ಚೀನಾ ಬಗ್ಗೆ ಬರೀತಾ ಮಾರ್ಕೋ ಪೋಲೋ ಕಾಲಾಳು ಓಟಗಾರರ ವಿಷಯಾನೂ ಹೇಳಿದ್ದಾನೆ, ಮೂರು ಮೂರು ಮೈಲಿಗೆ ಒಬ್ಬೊಬ್ಬ, ಸೊಂಟದ ಅಗಲ ಪಟ್ಟಿಗೆ ಗಂಟೆ ಕಟ್ಕೊಂಡು ಓಡ್ತಾನೆ, ಆ ಶಬ್ದ ದೂರದಿಂದ ಕೇಳಿದ ಕೂಡ್ಲೆ ಮುಂದಿನೋನು ಎದ್ದು ತಯಾರಾಗ್ತಾನೆ. ಇದನ್ನ ಓದುವಾಗ ನಂಗೆ ನಮ್ಮ ಕಡೆಯ ಹಳೇ ಟಪಾಲು ರನ್ನರ್ ನೆನಪಾದ, ಗೆಜ್ಜೆ ಕಟ್ಟಿದ ಈಟಿ ಹಿಡ್ಕೊಂಡು ಕಾಡು ದಾರಿಯಲ್ಲಿ ಓಡ್ತಿದ್ದೋನು. ಮೈಸೂರು ಅಂಚೆ 1672ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ 1889ರ ತನಕ ಬೇರೆಯಾಗೇ ನಡೀತು, ಗಂಟೆ ಶಬ್ದ ಕೇಳಿ ಮುಂದಿನೋನು ಏಳೋ ಆ ಉಪಾಯ ಎಷ್ಟು ನಾಡು ಎಷ್ಟು ಶತಮಾನ ದಾಟಿ ಬಂತೋ.

ಆದ್ರೆ ಇಂಥಾ ಅಂಚೆಗೂ ಒಂದು ಮಿತಿ ಇದೆ, ಅದನ್ನ ತೋರಿಸೋ ಒಂದು ಕಾಗದದ ಕಥೆ ಇದೆ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ದಯವಿಟ್ಟು ಕತ್ತರಿ ಹಾಕ್ಬೇಡಿ.

1245ರ ಏಪ್ರಿಲ್ 16, ಈಸ್ಟರ್ ಹಬ್ಬದ ದಿನ, ಜಾನ್ ಆಫ್ ಪ್ಲಾನೋ ಕಾರ್ಪಿನಿ ಅನ್ನೋ ಪಾದ್ರಿ ಫ್ರಾನ್ಸಿನ ಲಿಯಾನ್ ಬಿಟ್ಟು ಹೊರಟ, ಕೈಯಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಮಂಗೋಲ್ ಚಕ್ರವರ್ತಿಗೆ ಬರೆದ ಪತ್ರ. ಪಾದ್ರಿಗೆ ಆಗಲೇ ಅರವತ್ತರ ಆಸುಪಾಸು, ಸ್ಥೂಲ ಶರೀರ. ಕೀವ್ ದಾಟಿ ವೋಲ್ಗಾ ನದಿ ಹತ್ರ ಬಾತುವಿನ ಪಾಳೆಯಕ್ಕೆ ಬರೋ ಹೊತ್ತಿಗೆ ಒಂದು ವರ್ಷ ಆಗಿತ್ತು. ಅಲ್ಲಿಂದ 1246ರ ಏಪ್ರಿಲ್ 8ಕ್ಕೆ ಮಂಗೋಲರ ಅಂಚೆ ಕುದುರೆ ಮೇಲೆ ಹೊರಟ್ರು, ಸವಾರಿ ತಡ್ಕೊಳ್ಳೋಕೆ ಕೈಕಾಲಿಗೆಲ್ಲ ಬಟ್ಟೆ ಬಿಗಿದು ಕಟ್ಕೊಂಡಿದ್ರು, ಊಟಕ್ಕೆ ನವಣೆ ಥರದ ಧಾನ್ಯ ಬರೀ ನೀರು ಉಪ್ಪು ಹಾಕಿ ಬೇಯಿಸಿದ್ದು, ಕುಡಿಯೋಕೆ ಹಿಮ ಕರಗಿಸಿದ ನೀರು. ದಿನಕ್ಕೆ ಐದು ಏಳು ಸಲ ಕುದುರೆ ಬದಲಾಯಿಸಿ ಓಡಿಸಿದ್ರೂ ಮಂಗೋಲರ ರಾಜಧಾನಿ ಕಾರಕೋರಂ ಹತ್ರದ ಖಾನನ ಪಾಳೆಯ ಮುಟ್ಟಿದ್ದು ಜುಲೈ 22ಕ್ಕೆ. ನೂರು ದಿನದ ಮೇಲಾಯ್ತು, ಅದೂ ವೋಲ್ಗಾದಿಂದ ಮಾತ್ರ.

ಅಲ್ಲಿ ಆಗಸ್ಟ್ 24ಕ್ಕೆ ಒಗೆದೈನ ಮಗ ಗುಯುಕ್ ಪಟ್ಟಕ್ಕೆ ಬಂದ. ಪೋಪ್‌ಗೆ ಉತ್ತರ ಕೊಡ್ಬೇಕು. ಆಗ ಖಾನನ ಕಾರ್ಯದರ್ಶಿಗಳು ಪಾದ್ರಿನ ಕೇಳಿದ್ರು, ನಿಮ್ಮ ಪೋಪ್ ಹತ್ರ ರುಸ್ ಲಿಪಿ, ಪರ್ಷಿಯನ್ ಲಿಪಿ, ಮಂಗೋಲ್ ಲಿಪಿ ಓದೋರು ಯಾರಾದ್ರೂ ಇದಾರಾ ಅಂತ. ಯಾರೂ ಇಲ್ಲ ಅಂದ. ಸರಿ, ಒಂದೊಂದೇ ಮಾತು ಬಿಡಿಸಿ ಹೇಳಿ ಲ್ಯಾಟಿನ್‌ನಲ್ಲಿ ಬರೆಸಿದ್ರು, ಬರೆದಿದ್ದನ್ನ ಮತ್ತೆ ಓದಿಸಿದ್ರು, ಎಲ್ಲೂ ಒಂದು ಮಾತು ತಪ್ಪಿಲ್ಲ ತಾನೇ ಅಂತ ಎರಡು ಸಲ ವಿಚಾರಿಸಿದ್ರು, ಆಮೇಲೆ ಪರ್ಷಿಯನ್‌ನಲ್ಲೂ ಒಂದು ಪ್ರತಿ ಬರೆಸಿ ಮುದ್ರೆ ಒತ್ತಿದ್ರು. ಆ ಪರ್ಷಿಯನ್ ಪ್ರತಿ 1920ರಲ್ಲಿ ವ್ಯಾಟಿಕನ್ ಕಡತದಲ್ಲಿ ಸಿಕ್ತು, ಕೆಂಪು ಶಾಯಿಯ ಚೌಕ ಮುದ್ರೆ ಸಮೇತ. ಅದರಲ್ಲಿರೋದು ಇಷ್ಟು, ಸೂರ್ಯ ಹುಟ್ಟೋ ಕಡೆಯಿಂದ ಮುಳುಗೋ ಕಡೆ ತನಕ ಎಲ್ಲಾ ನಾಡೂ ದೇವರು ನಮಗೆ ಕೊಟ್ಟಿದ್ದಾನೆ, ನೀನು ನಿನ್ನ ದೊರೆಗಳನ್ನೆಲ್ಲ ಕರ್ಕೊಂಡು ಸ್ವತಃ ಬಂದು ಶರಣಾಗು, ಇಲ್ಲಾಂದ್ರೆ ನಿನ್ನನ್ನ ಶತ್ರು ಅಂತ ತಿಳ್ಕೋತೀವಿ. ಇಡೀ ಲೋಕ ನಂದು ಅಂತ ಮುದ್ರೆ ಒತ್ತಿ ಕಳಿಸಿದ ಕಾಗದ ಇದು, ಇದಕ್ಕಿಂತ ನೇರವಾಗಿ ಇನ್ಯಾರೂ ಹೇಳಿದ್ದಿಲ್ಲ.

ನವೆಂಬರ್ 13ಕ್ಕೆ ಪಾದ್ರಿ ಅಲ್ಲಿಂದ ಹೊರಟ, ಚಳಿಗಾಲ ಪೂರ್ತಿ ಹಿಮದಲ್ಲಿ ಮಲಗಿ ಎದ್ದು ಬಂದು 1247ರ ಜೂನ್‌ನಲ್ಲಿ ಕೀವ್, ನವೆಂಬರ್‌ನಲ್ಲಿ ಲಿಯಾನ್. ಪತ್ರ ಹೊರಟು ಉತ್ತರ ಕೈಗೆ ಬರೋಕೆ ಎರಡೂವರೆ ವರ್ಷ. ಉತ್ತರ ಪೋಪ್ ಕೈ ಸೇರಿ ಆರು ತಿಂಗಳೊಳಗೆ, 1248ರಲ್ಲಿ, ಅದನ್ನ ಬರೆಸಿದ ಗುಯುಕ್ ಸತ್ತೇ ಹೋದ. ಬಟವಾಡೆ ಮಾಡಿದ್ದೀನಿ ನಾನು, ಕಾಗದ ತಲುಪೋ ಹೊತ್ತಿಗೆ ಬರೆದೋರು ಇಲ್ಲ ಅನ್ನೋದು ಏನು ಅಂತ ನಂಗೆ ಗೊತ್ತು.

ನಮ್ಮ ಮನೇದೇ ಒಂದು ಹೇಳ್ತೀನಿ. ನಮ್ಮಮ್ಮನ ತವರು ತುಂಗಾ ಹೊಳೆ ಆಚೆ, ಈಗಿನ ಸೇತುವೆ ಆಗ ಇರ್ಲಿಲ್ಲ, ದೋಣಿ ದಾಟ್ಬೇಕು. ಒಂದು ಆಷಾಢದಲ್ಲಿ ಅಜ್ಜ ತೀರ್ಕೊಂಡ್ರು. ಮಾವ ಬರೆದ ಕಾರ್ಡು ಆಚೆ ದಡಕ್ಕೆ ಎರಡನೇ ದಿನವೇ ಬಂದಿತ್ತಂತೆ, ಹೊಳೆ ಏರಿ ದೋಣಿ ಬಿಡೋ ಹಾಗಿರ್ಲಿಲ್ಲ, ಟಪಾಲಿನೋನು ಕಂಬಳಿ ಕೊಪ್ಪೆ ಹಾಕ್ಕೊಂಡು ಒಂಬತ್ತು ದಿನ ಆಚೆ ದಡದ ಛತ್ರದಲ್ಲೇ ಚೀಲ ತಬ್ಬಿಕೊಂಡು ಕೂತಿದ್ದ. ಕಾರ್ಡು ಅಮ್ಮನ ಕೈಗೆ ಬಂದಾಗ ಹನ್ನೊಂದನೇ ದಿನ. ಕಾರ್ಡಿನ ಮೂಲೆ ಒದ್ದೆಯಾಗಿ ಶಾಯಿ ಹರಡಿತ್ತು, ಅಪ್ಪ ಅನ್ನೋ ಅಕ್ಷರ ಮಾತ್ರ ಓದೋ ಹಾಗಿತ್ತು, ಅಮ್ಮ ಅದನ್ನ ಕೊನೇ ತನಕ ಟ್ರಂಕಿನಲ್ಲಿ ಇಟ್ಕೊಂಡಿದ್ರು. ಟಪಾಲಿನೋನ ತಪ್ಪು ಒಂದಿಷ್ಟೂ ಇರ್ಲಿಲ್ಲ. ಒಂದು ಹೊಳೆ ಅಡ್ಡ ಬಂದ್ರೆ ಇಷ್ಟು. ಹಂಗೇರಿಗೂ ಕಾರಕೋರಂಗೂ ನೇರ ಗೆರೆ ಎಳೆದ್ರೂ ಸುಮಾರು 6,000 ಕಿಲೋಮೀಟರ್, ಮಧ್ಯ ಎಷ್ಟು ಹೊಳೆ, ಎಷ್ಟು ಹಿಮ, ಎಷ್ಟು ಮರುಭೂಮಿ. ಬಾತು ವಾಪಸ್ ಹೊರಟಾಗ ಒಗೆದೈ ಸತ್ತ ಸುದ್ದಿ ಅವನಿಗೆ ತಲುಪಿತ್ತಾ ಇಲ್ವಾ ಅನ್ನೋದೇ ಇವತ್ತಿಗೂ ಚರ್ಚೆ, ಕಾರ್ಪಿನಿ ಪಾದ್ರಿ ಸಾವೇ ಕಾರಣ ಅಂತಾನೆ, ಪರ್ಷಿಯಾದ ಚರಿತ್ರೆಕಾರ ರಶೀದುದ್ದೀನ್ ಆ ಸುದ್ದಿ ಅವರಿಗೆ ಇನ್ನೂ ತಲುಪಿರ್ಲಿಲ್ಲ ಅಂತಾನೆ. ಲೇಖನದ ಇಡೀ ಕಟ್ಟಡ ನಿಂತಿರೋದು ಈ ಒಂದು ಕಲ್ಲಿನ ಮೇಲೆ, ಆ ಕಲ್ಲೇ ಅಲುಗಾಡ್ತಾ ಇದೆ.

ಹೋಗ್ಲಿ, ಲೇಖಕರು ಹೇಳಿದ ಹಾಗೇ ಒಗೆದೈ 1251ರ ತನಕ ಬದುಕಿದ್ದ ಅಂತಲೇ ಇಟ್ಕೊಳ್ಳೋಣ. ಮನೆ ಜಗಳ ಅವನು ಬದುಕಿರುವಾಗಲೇ ಶುರುವಾಗಿತ್ತಲ್ಲ. ಅದೇ ಪಶ್ಚಿಮದ ದಂಡಯಾತ್ರೆಯಲ್ಲಿ ಒಂದು ಔತಣದಲ್ಲಿ ಬಾತು ಎಲ್ಲರಿಗಿಂತ ಮೊದಲು ಬಟ್ಟಲು ಎತ್ತಿದ ಅಂತ ಗುಯುಕ್ ಮತ್ತೆ ಬುರಿ ಅನ್ನೋ ಇನ್ನೊಬ್ಬ ರಾಜಕುಮಾರ ಅವನನ್ನ ಮುದುಕಿ ಅಂತ ಹೀಯಾಳಿಸಿ ಎದ್ದು ಹೋದ್ರು, ಬಾತು ದೂರು ಕಳಿಸಿದ, ಒಗೆದೈ ತನ್ನ ಮಗನ ಮೇಲೇ ಕೆಂಡಾಮಂಡಲ ಆದ. ಒಂದು ಬಟ್ಟಲಿನ ವಿಷಯ ಅಷ್ಟು ದೂರ ಹೋಯ್ತು ಅಂದ್ರೆ ಒಳಗೆ ಏನಿತ್ತು ನೋಡಿ. ಮುಂದೆ 1248ರಲ್ಲಿ ಗುಯುಕ್ ಸೈನ್ಯ ಕಟ್ಕೊಂಡು ಪಶ್ಚಿಮಕ್ಕೆ ಹೊರಟಾಗ ಅದು ಬಾತು ಮೇಲೆ ಅಂತಲೇ ಎಲ್ಲರೂ ನಂಬಿದ್ರು, ದಾರಿಯಲ್ಲಿ ಅವನು ಸತ್ತಿದ್ದಕ್ಕೆ ಯುದ್ಧ ತಪ್ಪಿತು. ಲೇಖನ ಹೇಳೋ ಹಾಗೆ ಖಾನನ ಸಾವು ಸಾಮ್ರಾಜ್ಯ ಮುರೀತು ಅನ್ನೋದಾದ್ರೆ ಇಲ್ಲಿ ಖಾನನ ಸಾವೇ ಸಾಮ್ರಾಜ್ಯನ ಇನ್ನೊಂದು ಹತ್ತು ವರ್ಷ ಉಳಿಸ್ತು.

ಖಾನ್ ಸಾಯೋದು ಆಕಸ್ಮಿಕ ಅಲ್ಲ ಸರ್, ಎಲ್ಲಾ ಖಾನರೂ ಸಾಯ್ತಾರೆ. ಮುಂದಿನೋನು ಯಾರು ಅಂತ ಖಾತ್ರಿ ಇಲ್ಲದ್ದೇ ಅವರ ವ್ಯವಸ್ಥೆಯ ಒಳಗಿದ್ದ ದೋಷ. ಎಲ್ಲಾ ರಾಜಕುಮಾರರೂ ಕುರುಲ್ತಾಯಿ ಅನ್ನೋ ಸಭೆಗೆ ಬಂದು ಒಪ್ಪಬೇಕು, ಒಬ್ಬ ಕಾಲು ನೋವು ಅಂತ ಬರ್ದೇ ಕೂತ್ರೂ ಎಲ್ಲ ನಿಂತು ಹೋಗುತ್ತೆ. 1241ರಿಂದ 1251ರ ತನಕ ಹತ್ತು ವರ್ಷದಲ್ಲಿ ಪಟ್ಟದ ಮೇಲೆ ಖಾನ್ ಅಂತ ಒಬ್ಬ ಇದ್ದಿದ್ದು ಎರಡು ವರ್ಷಕ್ಕಿಂತ ಕಡಿಮೆ, ಉಳಿದ ಕಾಲ ಒಗೆದೈನ ಹೆಂಡತಿ ತೊರೆಗೆನೆ, ಆಮೇಲೆ ಗುಯುಕ್ ಹೆಂಡತಿ ಓಗುಲ್ ಖೈಮಿಶ್ ನೋಡ್ಕೊಂಡ್ರು. 1259ರಲ್ಲಿ ಮೊಂಗ್ಕೆ ಸತ್ತ ಮೇಲಂತೂ ತಮ್ಮಂದಿರಾದ ಕುಬ್ಲೈ ಮತ್ತೆ ಅರಿಕ್ ಬೋಕೆ 1260ರಿಂದ 1264ರ ತನಕ ಹೊಡೆದಾಡಿದ್ರು. ಆ ಯುದ್ಧದಲ್ಲಿ ಕುಬ್ಲೈ ಮಾಡಿದ್ದು ನೋಡಿ, ಕಾರಕೋರಂಗೆ ಚೀನಾ ಕಡೆಯಿಂದ ಗಾಡಿಯಲ್ಲಿ ಬರ್ತಿದ್ದ ದವಸ ನಿಲ್ಲಿಸಿಬಿಟ್ಟ. ರಶೀದುದ್ದೀನ್ ಬರೆದಿರೋ ಪ್ರಕಾರ ದಿನಕ್ಕೆ 500 ಗಾಡಿ ದವಸ ಬಂದ್ರೆ ಮಾತ್ರ ಆ ರಾಜಧಾನಿಯ ಹೊಟ್ಟೆ ತುಂಬ್ತಿತ್ತು. ಲೋಕದ ಯಜಮಾನ ಅಂತ ಮುದ್ರೆ ಒತ್ತಿದ ಊರು ಗಾಡಿ ನಿಂತ ಕೂಡ್ಲೆ ಹಸಿದುಕೊಂಡು ಕೂತಿತು. ಆ ಕಡೆ 1262ಕ್ಕೆ ಹುಲಾಗು ಮತ್ತೆ ಅವನ ದಾಯಾದಿ ಬೆರ್ಕೆ ಕಾಕಸಸ್ ಬೆಟ್ಟದ ಹತ್ರ ಯುದ್ಧಕ್ಕೆ ನಿಂತ್ರು. ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕೊಂಡ ಮೇಲೆ ಬೇಲಿ ವಿಷಯಕ್ಕೆ ಕೋರ್ಟು ಹತ್ತೋದು ನಾವು ನೋಡಿಲ್ವಾ, ಅದೇ.

ನಮ್ಮ ನಾಡನ್ನ ಕೆಂಪು ಮಾಡಿದ್ದೀರಲ್ಲ, ಅದರ ಬಗ್ಗೆ ಒಂದು ಮಾತು. ಒಗೆದೈ ಸತ್ತ ಅದೇ 1241ರ ಡಿಸೆಂಬರ್ ತಿಂಗಳಲ್ಲಿ ಮಂಗೋಲರು ಲಾಹೋರ್ ಹಿಡಿದು ಲೂಟಿ ಮಾಡಿದ್ರು, ಇದು ಲೇಖನದಲ್ಲಿ ಇರ್ಬೇಕಿತ್ತು. ಆಮೇಲೆ ಅರವತ್ತು ವರ್ಷ ಬರ್ತಾನೇ ಇದ್ರು, 1303ರಲ್ಲಿ ದೆಹಲಿಗೇ ಮುತ್ತಿಗೆ ಹಾಕಿ ಎರಡು ತಿಂಗಳಿದ್ದು ಹೋದ್ರು, ಉಳೀಲಿಲ್ಲ. ದಕ್ಷಿಣಕ್ಕೆ ಅವರ ಕುದುರೆ ಹೇಗೆ ಬರ್ತಿತ್ತು? ಪಾಂಡ್ಯರ ನಾಡಲ್ಲಿ ಸಮುದ್ರದ ಮೇಲೆ ವರ್ಷ ವರ್ಷ ಸಾವಿರಾರು ಕುದುರೆ ತರಿಸ್ತಾರೆ, ಹವೆ ಹಿಡಿಸದೆ, ಅನ್ನ ಬೇಯಿಸಿ ಹಾಕಿ, ನೋಡ್ಕೊಳ್ಳೋಕೆ ಬರದೆ ಸಾಯ್ತಾವೆ ಅಂತ ಮಾರ್ಕೋ ಪೋಲೋ ಬರೆದಿದ್ದಾನೆ. ಮಂಗೋಲರು ದ್ವಾರಸಮುದ್ರಕ್ಕೆ ಬರ್ಲಿಲ್ಲ, ಆದ್ರೆ ಅವರನ್ನ ತಡೆಯೋಕೆ ಅಂತ ಅಲ್ಲಾವುದ್ದೀನ್ ಖಿಲ್ಜಿ ಬೆಳೆಸಿದ ದೊಡ್ಡ ಸೈನ್ಯ ಬಂತು, 1311ರಲ್ಲಿ ಮಲಿಕ್ ಕಾಫೂರ್ ಮೂರನೇ ಬಲ್ಲಾಳನ ಬಾಗಿಲಿಗೆ ಬಂದು ನಿಂತ. ನಿಜವಾಗಿ ನಡೆದಿದ್ದರಲ್ಲೇ ಇಷ್ಟು ದೂರದ ಕೊಂಡಿ ಇರುವಾಗ ಇಲ್ಲದ ಬಣ್ಣ ಯಾಕೆ ಬಳೀಬೇಕು.

ಅಳತೆ ಹೇಳ್ಬೇಕಂದ್ರೆ, ಮಂಗೋಲರು ಎಲ್ಲಕ್ಕಿಂತ ದೊಡ್ಡದಾಗಿದ್ದಾಗ ಸುಮಾರು 2.4 ಕೋಟಿ ಚದರ ಕಿಲೋಮೀಟರ್, ಭೂಮಿ ಮೇಲಿನ ನೆಲ 14.9 ಕೋಟಿ. ಆರರಲ್ಲಿ ಒಂದು ಪಾಲು. ಅದಕ್ಕಿಂತ ದೊಡ್ಡದು ಬ್ರಿಟಿಷರದ್ದು, 1920ರ ಹೊತ್ತಿಗೆ ಸುಮಾರು ಮೂರೂವರೆ ಕೋಟಿ, ನಾಲ್ಕರಲ್ಲಿ ಒಂದು ಪಾಲಿನ ಹತ್ರ. ಅಂಚೆ ನಿಧಾನ ಅನ್ನೋದೇ ಕಾರಣ ಆದ್ರೆ ತಂತಿ ಬಂದ ಮೇಲೆ ಬ್ರಿಟಿಷರಿಗೆ ಸಾಧ್ಯ ಆಗ್ಬೇಕಿತ್ತಲ್ಲ ಅಂತ ಯಾರಾದ್ರೂ ಕೇಳಬಹುದು, ನಾನೇ ತುಂಬಾ ದಿನ ಇದನ್ನ ತಲೆಗೆ ಹಾಕ್ಕೊಂಡಿದ್ದೆ. 1902ಕ್ಕೆ ಅವರ ತಂತಿ ಅವರದೇ ನೆಲ ಸಮುದ್ರದ ಮೇಲೆ ಭೂಮಿ ಸುತ್ತ ಒಂದು ಸುತ್ತು ಬಂದಿತ್ತು, ಲಂಡನ್ನಿನ ಮಾತು ಆಸ್ಟ್ರೇಲಿಯಾಕ್ಕೆ ಹೋಗೋಕೆ ತಿಂಗಳು ಬೇಡ. ಆದ್ರೆ ಅದೇ ತಂತಿ, ಅದೇ ಅಂಚೆ, ಅದೇ ಅಚ್ಚುಕೂಟ ಆಳಿಸಿಕೊಳ್ಳೋರ ಕೈಗೂ ಬಂತು. ಒಂದು ಅಂಚೆ ಕಾರ್ಡಿನಲ್ಲಿ ಗಾಂಧೀಜಿಯವರಿಗೆ ಹಳ್ಳಿಯಿಂದ ಕಾಗದ ಹೋಗ್ತಿತ್ತು. ಸುದ್ದಿ ನಿಧಾನವಾದ್ರೆ ಅರಸನ ಕೈ ಮೋಟು, ಸುದ್ದಿ ಬೇಗ ಆದ್ರೆ ಜನರ ಕೈ ಉದ್ದ, ನಂಗೆ ಕಂಡಿದ್ದು ಇಷ್ಟು, ತಪ್ಪಿದ್ರೆ ತಿಳಿದೋರು ತಿದ್ದಲಿ.

ಕೊನೇದಾಗಿ, ಯುದ್ಧ ಇಲ್ಲದ ಲೋಕ ಅನ್ನೋ ಮಾತು. ಇದನ್ನ ಓದಿ ನಂಗೆ ನಿಜವಾಗ್ಲೂ ಬೇಜಾರಾಯ್ತು. ಅದೇ ಕಾರ್ಪಿನಿ ಪಾದ್ರಿ ಕೀವ್ ದಾಟುವಾಗ ಏನು ಕಂಡ ಅಂತ ಬರೆದಿದ್ದಾನೆ, ಊರು ಬಿದ್ದು ಐದು ವರ್ಷ ಆಗಿದ್ರೂ ನೆಲದ ಮೇಲೆ ಲೆಕ್ಕ ಇಲ್ಲದಷ್ಟು ತಲೆಬುರುಡೆ ಮೂಳೆ ಬಿದ್ದಿದ್ವು, ಅಷ್ಟು ದೊಡ್ಡ ಪಟ್ಟಣದಲ್ಲಿ ಉಳಿದಿದ್ದು ಸುಮಾರು ಇನ್ನೂರು ಮನೆ, ಅಲ್ಲಿದ್ದೋರೂ ಗುಲಾಮರ ಹಾಗೆ. ಮಧ್ಯ ಏಷ್ಯಾದ ಮರ್ವ್, ಪರ್ಷಿಯಾದ ನಿಶಾಪುರ್, 1258ರಲ್ಲಿ ಬಾಗ್ದಾದ್, ಇವಕ್ಕೂ ಅದೇ ಗತಿ. ಆ ದಾರಿಗಳಲ್ಲಿ ವ್ಯಾಪಾರಿಗಳು ಹೆದರದೆ ಓಡಾಡಿದ್ರು ಅನ್ನೋದು ನಿಜ, ವೈದ್ಯ ಜ್ಯೋತಿಷ ಕುಶಲಕೆಲಸ ಎಲ್ಲ ಆ ತುದಿಯಿಂದ ಈ ತುದಿಗೆ ಹೋಯ್ತು, ಅದನ್ನೂ ನಾನು ಅಲ್ಲಗಳೆಯಲ್ಲ, ಅವರ ಅಂಚೆಗೆ ನಾನು ಕೈ ಮುಗೀತೀನಿ. ಆದ್ರೆ ಬುರುಡೆ ಬಿದ್ದ ಬೀದಿನ ಬಿಟ್ಟು ಬರೀ ಹೆದ್ದಾರಿ ತೋರಿಸಿದ್ರೆ ಅದು ಮಕ್ಕಳಿಗೆ ಮಾಡೋ ಅನ್ಯಾಯ. ನನ್ನ ಮೊಮ್ಮಗ ಎಂಟನೇ ಕ್ಲಾಸು, ಮೊಬೈಲಲ್ಲಿ ಒಂದು ಆಟ ಆಡ್ತಾನೆ, ಒಂದೊಂದೇ ದೇಶ ಗೆದ್ದು ತನ್ನ ಬಣ್ಣ ತುಂಬೋದು. ನಿಮ್ಮ ಪುರವಣಿ ಭೂಪಟ ನೋಡಿ "ಅಜ್ಜ, ಪೇಪರ್‌ನೋರೂ ಪೂರ್ತಿ ತುಂಬಿದ್ದಾರೆ" ಅಂದ. ಅವನ ಪಕ್ಕ ಕೂರಿಸ್ಕೊಂಡು ಕೀವ್ ಎಲ್ಲಿದೆ ಅಂತ ಆ ಭೂಪಟದಲ್ಲೇ ತೋರಿಸೋಕೆ ಹೋದೆ, ಅದರಲ್ಲಿ ಒಂದು ಊರಿನ ಹೆಸರೂ ಇರ್ಲಿಲ್ಲ, ಬರೀ ಬಣ್ಣ.

ಅದಕ್ಕೆ ನನ್ನ ಕೋರಿಕೆ ಎರಡು. ಈ ಸರಣಿ ಮುಂದುವರಿಯುತ್ತೆ ಅಂತ ಬರೆದಿದ್ದೀರಿ, ಮುಂದಿನ ವಾರದ ಭೂಪಟದಲ್ಲಿ ಊರು, ಹೊಳೆ, ಬೆಟ್ಟ, ಹುಲ್ಲುಗಾವಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ಹಾಕಿಸಿ. ಇನ್ನೊಂದು, ಗುಯುಕ್ ಖಾನ್ ಪೋಪ್‌ಗೆ ಬರೆಸಿದ ಆ ಕಾಗದದ ಚಿತ್ರ ಸಿಗುತ್ತೆ, ಉದ್ದಕ್ಕೆ ಸುರುಳಿ ಥರ ಇದೆ, ಮುದ್ರೆ ಸಮೇತ ಅಚ್ಚು ಹಾಕಿ, ಜೊತೆಗೆ ಅದು ಹೊರಟ ತಾರೀಕು ತಲುಪಿದ ತಾರೀಕು ಎರಡೂ ಬರೀರಿ. ನಾನು ಅದನ್ನ ಕತ್ತರಿಸಿ ಮೊಮ್ಮಗನ ಅಟ್ಲಾಸಿನಲ್ಲಿ ಅಂಟಿಸ್ತೀನಿ.

ಇತಿ ನಿಮ್ಮ ಓದುಗ,
ನಿವೃತ್ತ ಅಂಚೆ ನೌಕರ, ತೀರ್ಥಹಳ್ಳಿ ತಾಲೂಕು